ನಗೆಯ ಲೆಕ್ಕ ಯಾರ ಖಾತೆಗೆ? ಹಾಡು-ಹಾಸ್ಯದ ನಾಟಕಕ್ಕೂ ಅದರ ನಾಯಕಿಯರಿಗೂ ವಿಮರ್ಶೆ ಬರೆಯುವ ಬಗೆ

ಹಾಸ್ಯದ ಸಂಗೀತ ನಾಟಕದ ಯಾವುದಾದರೂ ವಿಮರ್ಶೆ ತೆಗೆದು ನೋಡಿ. ಅರ್ಧಕ್ಕಿಂತ ಹೆಚ್ಚು ಕಥೆ, ನಿರ್ದೇಶಕರಿಗೆ ಒಂದು ಪ್ಯಾರಾ, ಹಾಸ್ಯನಟನಿಗೆ ನಾಲ್ಕು ಸಾಲು, ಸಂಗೀತಕ್ಕೆ ಎರಡು. ಕೊನೆಗೆ "ನಾಯಕಿಯರಿಬ್ಬರೂ ಲವಲವಿಕೆಯಿಂದ ಅಭಿನಯಿಸಿ ಮನ ಗೆದ್ದರು". ಎರಡು ಗಂಟೆ ರಂಗದ ಮೇಲಿದ್ದು, ಆರೇಳು ಹಾಡು ಹೇಳಿ, ಕುಣಿದು, ನಗಿಸಿ ಬೆವರು ಸುರಿಸಿದವರಿಗೆ ಸಿಕ್ಕಿದ್ದು ಒಂದು ಸಾಲು. ಅದೂ ನಾಟಕ ನೋಡದೆಯೇ ಬರೆಯಬಹುದಾದ ಸಾಲು.

ಇದರಲ್ಲಿ ಕೆಟ್ಟ ಮನಸ್ಸೇನೂ ಇಲ್ಲ, ಲೆಕ್ಕ ತಪ್ಪಿರುತ್ತದೆ ಅಷ್ಟೆ. ನಗು ಬಂದರೆ ಹಾಸ್ಯಗಾರನ ಖಾತೆಗೆ, ಹಾಡು ಏರಿದರೆ ಪೇಟಿಯವರ (ಹಾರ್ಮೋನಿಯಂ ನುಡಿಸುವವರ) ಖಾತೆಗೆ, ಉಳಿದ ಚಂದ-ಚೆಲುವು ನಾಯಕಿಯ ಖಾತೆಗೆ ಜಮಾ ಆಗುತ್ತದೆ. ಗುಬ್ಬಿ ಕಂಪನಿಯ 'ಸದಾರಮೆ'ಯನ್ನೇ ತೆಗೆದುಕೊಳ್ಳಿ. ನಾಟಕಕ್ಕೆ ನಾಯಕಿಯ ಹೆಸರು. ಆದರೆ ಜನರ ಬಾಯಲ್ಲಿ ಉಳಿದದ್ದು ಗುಬ್ಬಿ ವೀರಣ್ಣನವರ ಕಳ್ಳ. ವೀರಣ್ಣನವರು ದೊಡ್ಡ ನಟರು, ಅದರಲ್ಲಿ ತಕರಾರಿಲ್ಲ. ಎದುರಿಗೆ ಸದಾರಮೆ ಸರಿಯಾಗಿ ನಿಲ್ಲದಿದ್ದರೆ ಆ ಕಳ್ಳನಿಗೆ ಎಷ್ಟು ನಗು ಸಿಗುತ್ತಿತ್ತು ಎಂದು ಕೇಳಿದವರು ಮಾತ್ರ ಕಡಿಮೆ.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೆಗ್ಗೋಡು ಕಡೆ ನಾಟಕ ನೋಡಿ ಪತ್ರಿಕೆಗೋ ಜಾಲತಾಣಕ್ಕೋ ಬರೆಯುವವರಿಗೆ ಈ ಲೆಕ್ಕ ಸರಿಯಾಗಿ ಹಿಡಿಯುವ ದಾರಿ ಇಲ್ಲಿದೆ.

ಪರದೆ ಏಳುವ ಮೊದಲು

ಅರ್ಧ ಗಂಟೆ ಮುಂಚೆ ಹೋಗಿ. ಕರಪತ್ರ ಎರಡು ಇಸಕೊಳ್ಳಿ, ಒಂದು ಗೀಚುವುದಕ್ಕೆ, ಒಂದು ಇಟ್ಟುಕೊಳ್ಳುವುದಕ್ಕೆ. ಪಾತ್ರವರ್ಗವನ್ನು ಅದರಲ್ಲಿರುವಂತೆಯೇ ನಂಬಬೇಡಿ. ನಮ್ಮ ಕಡೆಯ ಹವ್ಯಾಸಿ ತಂಡಗಳಲ್ಲಿ ನಟಿಯರು ಬ್ಯಾಂಕಿನಲ್ಲೋ ಶಾಲೆಯಲ್ಲೋ ದುಡಿಯುವವರು. ರಜೆ ಸಿಗದೆ, ಮಗುವಿಗೆ ಜ್ವರ ಬಂದು, ಹಿಂದಿನ ದಿನ ಪಾತ್ರ ಬದಲಾಗಿರುತ್ತದೆ. ಕರಪತ್ರ ಮಾತ್ರ ಹದಿನೈದು ದಿನದ ಹಿಂದೆಯೇ ಅಚ್ಚಾಗಿರುತ್ತದೆ. ನಾಟಕ ಮುಗಿದ ಮೇಲೆ ರಂಗಸಜ್ಜಿಕೆ ಕಳಚುತ್ತಿರುವವರ ಹತ್ತಿರ ಹೋಗಿ ಒಂದೊಂದೇ ಹೆಸರು ಓದಿ ಗುರುತು ಹಾಕಿಕೊಳ್ಳಿ. ಇನಿಶಿಯಲ್ ಕೂಡ ಕೇಳಿ. ಒಂದೇ ತಂಡದಲ್ಲಿ ಇಬ್ಬರು ಸುಮಾ ಇರುವುದು ಅಪರೂಪವಲ್ಲ.

ಹೆಸರು ಬಿಟ್ಟುಹೋಗುವುದು ದೊಡ್ಡ ಊರುಗಳಲ್ಲೂ ಉಂಟು. 1928ರ ಆಗಸ್ಟ್ 31ರಂದು ಬರ್ಲಿನ್ನಿನಲ್ಲಿ ನಾಟಕಕಾರ ಬ್ರೆಕ್ಟ್ ಮತ್ತು ಸಂಗೀತಗಾರ ಕುರ್ಟ್ ವೈಲ್ ಅವರ 'ತ್ರೀಪೆನ್ನಿ ಒಪೆರಾ' ಮೊದಲ ಪ್ರದರ್ಶನ ಕಂಡಾಗ, ಜೆನ್ನಿಯ ಪಾತ್ರ ಮಾಡಿದ ಲೊಟ್ಟೆ ಲೆನ್ಯಾ ಅವರ ಹೆಸರೇ ಮುದ್ರಿತ ಪಾತ್ರಪಟ್ಟಿಯಲ್ಲಿ ಇರಲಿಲ್ಲ. ಗಂಡ ವೈಲ್ ಕೆಂಡಾಮಂಡಲವಾಗಿದ್ದರು. ಆ ನಾಟಕದ ಹಾಡು ಎಂದರೆ ಇವತ್ತು ಮೊದಲು ನೆನಪಾಗುವ ದನಿಗಳಲ್ಲಿ ಅವರದೂ ಒಂದು. ಅಂದು ಪಟ್ಟಿಯನ್ನೇ ನೆಚ್ಚಿಕೊಂಡು ಬರೆದ ವಿಮರ್ಶಕನಿಗೆ ಅವರು ಸಿಗುವ ಹಾಗೇ ಇರಲಿಲ್ಲ.

ಇನ್ನೆರಡು ವಿಷಯ ಮೊದಲೇ ತಿಳಿದುಕೊಂಡಿರಬೇಕು: ಸಂಗೀತ ಮೇಳದ್ದೋ ಮೊದಲೇ ಮುದ್ರಿಸಿಟ್ಟ ಟ್ರ್ಯಾಕೋ, ಮತ್ತು ನಾಯಕಿಯ ಹಾಡುಗಳಿಗೆ ಶ್ರುತಿ, ಎಂದರೆ ಆಧಾರಸ್ವರ, ಯಾವುದು. ಅದನ್ನು ಒಂದು, ಒಂದೂವರೆ, ಎರಡು ಎಂದು ಎಣಿಸುತ್ತಾರೆ, ಸಂಖ್ಯೆ ಏರಿದಷ್ಟೂ ಎತ್ತರ. ಪೇಟಿಯವರು ಆರಂಭಕ್ಕೆ ಮುಂಚೆ ಬಿಡುವಾಗಿಯೇ ಇರುತ್ತಾರೆ. "ಮಾಸ್ತರೇ, ಅಕ್ಕನ ಹಾಡಿಗೆ ಎಷ್ಟನೇ ಶ್ರುತಿ ಇಟ್ಟಿದೀರಿ?" ಎಂದರೆ ಖುಷಿಯಿಂದ ಹೇಳುತ್ತಾರೆ. ಆ ಪ್ರಶ್ನೆ ಕೇಳುವವರೇ ಇಲ್ಲವಲ್ಲ!

ಕತ್ತಲಲ್ಲಿ ಬರೆಯುವುದು

ಐದರಿಂದ ಏಳನೇ ಸಾಲು, ನಡುವೆ. ಮುಂದಿನ ಸಾಲಿನಲ್ಲಿ ಕೂತರೆ ನಟಿಯ ಪಾದ ಕಾಣುವುದಿಲ್ಲ, ಬೆನ್ನ ಹಿಂದಿನ ನಗುವಿನ ಅಳತೆಯೂ ಸಿಗುವುದಿಲ್ಲ. ಮಧ್ಯಂತರ ಇದ್ದರೆ ಆಮೇಲೆ ಕೊನೆಯ ಸಾಲಿಗೆ ಹೋಗಿ. ಅಲ್ಲಿಗೆ ಮಾತು ಮುಟ್ಟುತ್ತಿದೆಯೇ ಎಂಬುದು ವಿಮರ್ಶೆಗೆ ಬೇಕಾದ ಸಂಗತಿ.

ಅಂಗೈಗಿಂತ ತುಸು ದೊಡ್ಡದಾದ ಸುರುಳಿ ಪುಸ್ತಕ, ಮೃದುವಾದ ಪೆನ್ಸಿಲ್. ಜೆಲ್ ಪೆನ್ನು ಮಳೆಗಾಲದಲ್ಲಿ ಕಲೆಸಿಹೋಗುತ್ತದೆ. ದೃಶ್ಯಕ್ಕೊಂದು ಪುಟ, ಬೆಳಕು ಆರಿದಾಗ ಪುಟ ತಿರುಗಿಸಿ. ಸಾಲಿನ ಮೇಲೆ ಸಾಲು ಬೀಳುವ ತಾಪತ್ರಯ ಇಲ್ಲ. ಮೊಬೈಲಿನ ಬೆಳಕು ಹಾಕಬೇಡಿ, ಪಕ್ಕದವರಿಗಿಂತ ಮೊದಲು ಅದು ರಂಗದ ಮೇಲಿನವರಿಗೆ ಕಾಣುತ್ತದೆ.

ಪುಟದ ಬಲ ಅಂಚಿನಲ್ಲಿ ನಗೆಯ ಲೆಕ್ಕ. ಸಣ್ಣ ನಗುವಿಗೆ ಒಂದು ಗೀಟು, ಸಭೆಯೆಲ್ಲ ನಕ್ಕರೆ ಎರಡು, ನಾಟಕ ನಿಲ್ಲಿಸಬೇಕಾಗಿ ಬಂದರೆ ಮೂರು. ಗೀಟಿನ ಪಕ್ಕ ಎರಡು ಅಕ್ಷರ: ಮೊದಲನೆಯದು ನಗುವನ್ನು ಎತ್ತಿಕೊಟ್ಟವರ ಪಾತ್ರದ್ದು, ಎರಡನೆಯದು ಹೊಡೆದವರದ್ದು. ವಾಲಿಬಾಲಿನಲ್ಲಿ ಎತ್ತಿಕೊಡುವವನಿಲ್ಲದೆ ಸ್ಮ್ಯಾಶ್ ಇಲ್ಲ ಎನ್ನುವುದು ಊರಿನ ಹುಡುಗರಿಗೆಲ್ಲ ಗೊತ್ತು. ನಾಟಕ ನೋಡುವಾಗ ಮರೆತುಬಿಡುತ್ತೇವೆ. ಮನೆಗೆ ಬಂದು ಆ ಅಕ್ಷರಗಳನ್ನು ಎಣಿಸಿ. ಹಾಸ್ಯನಟನ ಮೂರು ಗೀಟಿನ ನಗುವಿನ ಎಡಪಕ್ಕದಲ್ಲಿ ನಾಯಕಿಯ ಅಕ್ಷರ ಮತ್ತೆ ಮತ್ತೆ ಬಂದಿದ್ದರೆ ಅದೇ ನಿಮ್ಮ ವಿಮರ್ಶೆಯ ಎರಡನೇ ಪ್ಯಾರಾ.

ಹಾಡು: ತಪ್ಪು ಗಂಟಲಿನದೋ, ಶ್ರುತಿಯದೋ?

ವಿಮರ್ಶಕರು ನಟಿಯರಿಗೆ ಅತಿ ಹೆಚ್ಚು ಅನ್ಯಾಯ ಮಾಡುವುದು ಇಲ್ಲಿ. "ಹಾಡುಗಾರಿಕೆಯಲ್ಲಿ ಅಪಶ್ರುತಿ" ಎಂದು ಬರೆದು ಮುಗಿಸಿಬಿಡುತ್ತಾರೆ. ಅಪಶ್ರುತಿಯಲ್ಲೂ ಬಗೆಗಳಿವೆ, ಒಂದೊಂದಕ್ಕೂ ಕಾರಣ ಬೇರೆ.

ಸಾಮಾನ್ಯವಾಗಿ ಗಂಡಸರು ಒಂದರಿಂದ ಎರಡೂವರೆ ಶ್ರುತಿಯ ಆಸುಪಾಸಿನಲ್ಲಿ ಹಾಡುತ್ತಾರೆ, ಹೆಂಗಸರು ನಾಲ್ಕೂವರೆಯಿಂದ ಆರರ ಆಸುಪಾಸಿನಲ್ಲಿ. ಯುಗಳಗೀತೆಯನ್ನು ನಾಯಕನ ಅನುಕೂಲಕ್ಕೆ ಒಂದೂವರೆಯಲ್ಲಿ ಇಟ್ಟರೆ ನಾಯಕಿ ಮೇಲಿನ ಸ್ಥಾಯಿಯಲ್ಲಿ ಕಿರುಚಿದಂತೆ ಕೇಳುತ್ತದೆ, ಕೆಳಗಿಳಿದರೆ ದನಿ ಗಂಟಲಲ್ಲೇ ಉಳಿಯುತ್ತದೆ. ಅದು ಅವರ ದೋಷವಲ್ಲ. ಪಲ್ಲವಿ ಒಬ್ಬರಿಗೆ, ಚರಣ ಇನ್ನೊಬ್ಬರಿಗೆ ಹಂಚಿ ನಡುವೆ ಶ್ರುತಿ ಬದಲಿಸುವುದೋ, ಗಂಡಿನ ಭಾಗವನ್ನು ಮಾತಿನ ಧಾಟಿಗೆ ಇಳಿಸುವುದೋ ಸಂಗೀತ ಕಟ್ಟಿದವರ ಕೆಲಸ. ಹಾಗೆ ಮಾಡಿಲ್ಲವೆಂದರೆ ಅವರ ಹೆಸರಿನಲ್ಲೇ ಬರೆಯಿರಿ.

ಗುರುತು ಹಿಡಿಯುವುದು ಹೀಗೆ. ಹಾಡಿನುದ್ದಕ್ಕೂ ಮೇಲಿನ ಸ್ವರ ಮಾತ್ರ ಮುಟ್ಟುತ್ತಿಲ್ಲವೆಂದರೆ ಶ್ರುತಿಯ ಆಯ್ಕೆ ತಪ್ಪಿದೆ. ಉದ್ದ ಸಾಲಿನ ಕೊನೆಯಲ್ಲಿ ಮಾತ್ರ ಸ್ವರ ಇಳಿಯುತ್ತಿದ್ದರೆ ಉಸಿರು ಸಾಲುತ್ತಿಲ್ಲ. ಸಾಲಿಗೆ ಮುಂಚೆ ಎಷ್ಟು ಕುಣಿಸಿದ್ದಾರೆ ನೋಡಿ. ಸೈಡ್ ವಿಂಗಿನಿಂದ ಹಾಡುತ್ತಲೇ ಪ್ರವೇಶಿಸುವ ಮೊದಲ ಸಾಲು ಮಾತ್ರ ಜಾರಿ ಆಮೇಲೆ ಸರಿಹೋದರೆ ಒಳಗೆ ಪೇಟಿಯ ದನಿ ಕೇಳಿಸುತ್ತಿಲ್ಲ ಎಂದರ್ಥ. ಮೇಳ ಎಡಕ್ಕೆ ಕೂತಿದ್ದು, ನಟಿ ಬಲತುದಿಗೆ ಹೋದಾಗಲೆಲ್ಲ ತಾಳ ಹಿಂದೆ ಬೀಳುತ್ತಿದ್ದರೂ ಅದೇ ಕಾರಣ. ಈ ಯಾವುದೂ ಇಲ್ಲದೆ ಎಲ್ಲ ಕಡೆಯೂ ತೇಲುತ್ತಿದ್ದರೆ ಆಗ ಮಾತ್ರ ನಟಿಗೆ ಸಂಗೀತದ ಅಭ್ಯಾಸ ಸಾಲದು ಎನ್ನಿ. ಹಾಗಿದ್ದಾಗ ಮುಲಾಜಿಲ್ಲದೆ ಹೇಳಿ.

ಇನ್ನು ಟ್ರ್ಯಾಕ್. ಹಾಸ್ಯನಾಟಕಕ್ಕೆ ಟ್ರ್ಯಾಕಿನಷ್ಟು ಕೆಟ್ಟ ಒಡನಾಡಿ ಮತ್ತೊಂದಿಲ್ಲ. ಎರಡನೇ ಸಾಲಿಗೆ ಸಭೆ ನಕ್ಕಿತೆನ್ನಿ. ಮೇಳವಿದ್ದರೆ ತಬಲಾ-ಪೇಟಿ ಇನ್ನೊಂದು ಆವರ್ತ ಸುತ್ತಿ ಕಾಯುತ್ತವೆ, ನಟಿ ಕಣ್ಣಲ್ಲಿ ಸನ್ನೆ ಮಾಡಿ ಮೂರನೇ ಸಾಲು ಎತ್ತಿಕೊಳ್ಳುತ್ತಾರೆ. ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ. ನಗುವಿನಡಿ ಮೂರನೇ ಸಾಲು ಮುಚ್ಚಿಹೋಗುತ್ತದೆ, ಸಾಮಾನ್ಯವಾಗಿ ಚುಟುಕು ಇರುವುದೂ ಅಲ್ಲೇ. ಆಮೇಲೆ "ಸಾಹಿತ್ಯ ಸ್ಪಷ್ಟವಾಗಿ ಕೇಳಲಿಲ್ಲ" ಎಂದು ನಟಿಯ ಉಚ್ಚಾರದ ಮೇಲೆ ಗೂಬೆ ಕೂರಿಸುತ್ತಾರೆ. ಇಂಥ ಕಡೆ ನಿಮ್ಮ ಮುಂದೆ ಎರಡೇ ಪ್ರಶ್ನೆ: ನಟಿ ಆ ಸಾಲನ್ನು ಮುಖದಲ್ಲಾದರೂ ಉಳಿಸಿಕೊಂಡರೇ? ಮುಂದಿನ ಸಾಲಿಗೆ ತಾಳ ಸಿಕ್ಕಿತೇ?

ಒಳ್ಳೆಯ ರಂಗಗಾಯನಕ್ಕೂ ಕಛೇರಿಗೂ ಇರುವ ವ್ಯತ್ಯಾಸ ನೆನಪಿರಲಿ. ಹಾಸ್ಯದ ಹಾಡಿನಲ್ಲಿ ವ್ಯಂಜನ ಮುಖ್ಯ, ಸ್ವರ ಆಮೇಲೆ. "ಗಂಡ", "ಗೊಂದಲ", "ಗುಂಡಿ" ಒಂದೇ ಸಾಲಿನಲ್ಲಿದ್ದರೆ ಆ ಗಕಾರ ಸಭೆಯ ಹಿಂದಿನ ಸಾಲಿಗೂ ಬೀಳಬೇಕು. ಅದಕ್ಕಾಗಿ ಗಮಕ ಬಿಟ್ಟುಕೊಟ್ಟ ನಟಿ ಜಾಣೆ. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರ ರಂಗಗೀತೆಗಳನ್ನು ಕೇಳಿ ಕಿವಿ ತಿದ್ದಿಕೊಳ್ಳಬಹುದು. ತುಂಬು ಕಂಠ, ಆದರೆ ಮಾತು ಎಲ್ಲೂ ರಾಗದಲ್ಲಿ ಮುಳುಗುವುದಿಲ್ಲ.

ನಗು

ಹಾಸ್ಯದ ನಟಿಯಲ್ಲಿ ನೋಡಬೇಕಾದ ಮೊದಲ ಗುಣ, ನಗು ಬಂದ ಮೇಲೆ ಅವರು ಏನು ಮಾಡುತ್ತಾರೆ ಎಂಬುದು. ನಗು ಏರಿ, ತುದಿ ಮುಟ್ಟಿ, ಇಳಿಯಲು ತೊಡಗುತ್ತದೆ. ಪೂರ್ತಿ ಇಳಿದ ಮೇಲೆ ಮಾತಾಡಿದರೆ ದೃಶ್ಯ ತಣ್ಣಗಾಗುತ್ತದೆ. ಏರುತ್ತಿರುವಾಗಲೇ ಮಾತು ಹಾಯಿಸಿದರೆ ಸಭೆಯವರು ಮಾತು ಕೇಳಲೆಂದು ನಗುವುದನ್ನೇ ನಿಲ್ಲಿಸುತ್ತಾರೆ. ಹೀಗೆ ಮೂರು ಸಲ ಆದರೆ ನಾಟಕ ಮುಗಿಯುವವರೆಗೂ ಬಾಯಿ ಬಿಗಿಹಿಡಿದು ಕೂರುತ್ತಾರೆ. ಮುಕ್ಕಾಲು ಇಳಿದಾಗ ಎತ್ತಿಕೊಳ್ಳುವುದು ಹದ. ಆ ನಡುವಿನ ಮೂರು ನಾಲ್ಕು ಸೆಕೆಂಡು ಪಾತ್ರದೊಳಗೇ ಇರುತ್ತಾರೋ ಅಥವಾ ಸುಮ್ಮನೆ ನಿಂತು ಕಾಯುತ್ತಾರೋ? ಪಳಗಿದವರು ಸೆರಗು ಸರಿಮಾಡಿಕೊಳ್ಳುತ್ತಾರೆ, ಲೋಟ ಎತ್ತುತ್ತಾರೆ, ಎದುರಿನವನನ್ನು ಅಳೆಯುತ್ತಾರೆ. ಪಳಗದವರು ಸಭೆಯತ್ತ ನೋಡುತ್ತಾರೆ.

ನಗು ಯಾತರಿಂದ ಬಂತು ಎಂಬುದನ್ನೂ ಗುರುತು ಹಾಕಿ. ಮಾತಿನಿಂದ, ನೋಟದಿಂದ, ಹಾಡಿನಲ್ಲಿ ಒಂದು ಪದ ಎಳೆದದ್ದರಿಂದ, ಇಲ್ಲವೇ ಭಾಷೆಯಿಂದ. ಕೊನೆಯದರ ಬಗ್ಗೆ ಮಲೆನಾಡಿನಲ್ಲಿ ಹುಷಾರಾಗಿರಬೇಕು. "ಎಂತ ಮಾರಾಯ್ತಿ" ಎಂದ ಕೂಡಲೇ ಶಿವಮೊಗ್ಗದ ಸಭೆ ನಗುತ್ತದೆ. ಹವ್ಯಕ ಮನೆಮಾತು, ದೀವರ ಮಾತು, ತೀರ್ಥಹಳ್ಳಿಯ ಎಳೆತ ಬಂದರೂ ನಗು. ಅದು ನಮ್ಮದನ್ನು ರಂಗದ ಮೇಲೆ ಕೇಳಿದ ಸಲುಗೆಯ ನಗುವೋ, ಆ ಜನರನ್ನು ಹಂಗಿಸಿದ ನಗುವೋ? ಒಂದು ಪರೀಕ್ಷೆ ಇದೆ: ಅದೇ ಮಾತನ್ನು ಶಿಷ್ಟ ಕನ್ನಡಕ್ಕೆ ತಿರುಗಿಸಿ ನೋಡಿ. ಆಗಲೂ ಚುರುಕು ಉಳಿದರೆ ನಾಟಕಕಾರನಿಗೂ ನಟಿಗೂ ಅಂಕ. ಏನೂ ಉಳಿಯದಿದ್ದರೆ ಅಲ್ಲಿ ನಕ್ಕದ್ದು ಉಪಭಾಷೆಯ ಮೇಲೆ.

ಗಯ್ಯಾಳಿ ಹೆಂಡತಿ, ಮದುವೆಗೆ ಕಾತರಿಸುವ ದಪ್ಪ ಹುಡುಗಿ, ಕಿವುಡಿ ಅತ್ತೆ, ಈ ಸವಕಲು ಪಾತ್ರಗಳು ಇನ್ನೂ ಬರುತ್ತಲೇ ಇವೆ. ಬರವಣಿಗೆಯ ಬಡತನವನ್ನು ನಟಿಯ ತಲೆಗೆ ಕಟ್ಟಬೇಡಿ. ಅದರಲ್ಲೇ ಆಕೆ ಏನಾದರೂ ಹೊಸದು ಹುಡುಕಿದ್ದರೆ ಅದನ್ನು ಹೇಳಿ, ಹುಡುಕಿಲ್ಲದಿದ್ದರೆ ಪಾತ್ರದ ಬಗ್ಗೆ ಎರಡು ಮಾತು ಬರೆದು ಮುಂದೆ ಹೋಗಿ.

ಯಕ್ಷಗಾನ ನೋಡಿ ಬೆಳೆದ ಸಭೆ ನಮ್ಮದು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಗಂಡಸರು ಮಾಡಿದ ಸ್ತ್ರೀವೇಷದ ಬಳುಕು, ಒನಪು ಕಣ್ಣಲ್ಲಿ ಕೂತಿದೆ. ಹಳೆಯ ಕಂಪನಿ ನಾಟಕದಲ್ಲೂ ಮೊದಮೊದಲು ಹೆಣ್ಣುಪಾತ್ರ ಗಂಡಸರದೇ. ಅದೇ ಅಳತೆಗೋಲು ಹಿಡಿದು "ಹೆಣ್ತನ ಸಾಲದು" ಎಂದು ಹೆಣ್ಣೊಬ್ಬಳಿಗೆ ಹೇಳುವ ವಿಮರ್ಶೆ ನಗೆಪಾಟಲು. ತಿರುಗುಮುರುಗಾದ ದಾರಿಯೂ ಉಂಟು: ಆರ್. ನಾಗರತ್ನಮ್ಮನವರು 1958ರಲ್ಲಿ ಹೆಂಗಸರದ್ದೇ ನಾಟಕ ಮಂಡಳಿ ಕಟ್ಟಿ ಕಂಸ, ರಾವಣರಂಥ ಪಾತ್ರ ಮಾಡಿದರು. ಇಂದಿಗೂ ನಟಿಯೊಬ್ಬರು ಸಾಹುಕಾರನೋ ಶಾನುಭೋಗನೋ ಆಗಿ ಬಂದರೆ "ಗಂಡಸಿನಂತೆಯೇ ಮಾಡಿದರು" ಎನ್ನುವುದು ಹೊಗಳಿಕೆಯಲ್ಲ. ಭುಜವೋ ನಡಿಗೆಯೋ ದನಿಯೋ, ಯಾವುದರಿಂದ ಕಟ್ಟಿದರು ಎಂದು ಬರೆಯಿರಿ.

ಮಳೆ, ಮೈಕು, ಕರೆಂಟು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಮಾಡಿನ ಸಭಾಂಗಣದಲ್ಲಿ ನಾಟಕ ನೋಡಿದರೆ ಅರ್ಧ ವಿಮರ್ಶೆ ಮಳೆಗೇ ಸಲ್ಲಬೇಕು. ಮಳೆಯ ಸದ್ದು ಮೊದಲು ನುಂಗುವುದು ಸ, ಶ, ತ ಅಕ್ಷರಗಳನ್ನು; ಸ್ವರ ಕೇಳುತ್ತದೆ, ಪದ ಕೇಳುವುದಿಲ್ಲ. ಜೋರು ಮಳೆಯಲ್ಲಿ ನಗು ಕಡಿಮೆಯಾದರೆ ಅದು ನಾಟಕದ ಸೋಲಲ್ಲ. ಎಷ್ಟು ಹೊತ್ತು ಸುರಿಯಿತು ಎಂದು ಗುರುತು ಹಾಕಿ, ಆ ಹೊತ್ತಿನ ದೃಶ್ಯಗಳ ಮೇಲೆ ತೀರ್ಪು ಕೊಡಬೇಡಿ.

ಕಾಲರ್ ಮೈಕ್ ಬೆವರಿಗೆ ಕರಕರ ಎನ್ನುತ್ತದೆ, ಸೆರಗು ತಾಗಿದರೆ ಗರಗರ. ಕುಣಿತದ ಹಾಡಿನಲ್ಲಿ ಇದು ತಪ್ಪಿದ್ದಲ್ಲ. ತೂಗುಮೈಕಿನಲ್ಲಿ ಬೇರೆ ಕಷ್ಟ: ಮೈಕಿನ ಕೆಳಗೆ ಬಂದವರು ಜೋರು, ಮುಂದೆ ಹೋದವರು ಮಂದ. ಇಬ್ಬರು ನಾಯಕಿಯರಲ್ಲಿ ಒಬ್ಬರ ದನಿ "ಕ್ಷೀಣ" ಎಂದು ಬರೆಯುವ ಮುಂಚೆ ಅವರನ್ನು ಎಲ್ಲಿ ನಿಲ್ಲಿಸಿದ್ದರು ಎಂದು ನೋಡಿ. ಕರೆಂಟು ಹೋಗಿ ಜನರೇಟರ್ ಹಿಡಿಯುವ ತನಕ ಮೈಕಿಲ್ಲದೆ ಹಾಡು ಮುಂದುವರಿಸಿದವರಿದ್ದರೆ ಅದು ಒಂದು ಸಾಲಿಗೆ ಅರ್ಹ.

ಸಾಗರದ, ಶಿರಸಿಯ ಮಾರಿಜಾತ್ರೆಗೆ ಟೆಂಟು ಹಾಕುವ ಕಂಪನಿಗಳ ನಾಟಕಕ್ಕೆ ಹೋದಾಗ ರಂಗಮಂದಿರದ ಅಳತೆ ಬಿಟ್ಟುಬಿಡಿ. ಅಲ್ಲಿ ನಟಿ ಒಂದೇ ದಿನ ಎರಡು ಮೂರು ಆಟ ಮಾಡಬೇಕಾದೀತು, ಸಭೆ ನಡುನಡುವೆ ಎದ್ದು ಹೋಗಿ ಬರುತ್ತದೆ, ಪಕ್ಕದ ತಿರುಗುತೊಟ್ಟಿಲಿನ ಗದ್ದಲ ಬೇರೆ. ಆ ಗದ್ದಲದ ಮೇಲೆ ದನಿ ಏರಿಸಿ ಹಿಡಿದಿಡುವುದೇ ಅಲ್ಲಿನ ಕಸುಬು. ಅದನ್ನು "ಅತಿ ಅಭಿನಯ" ಎಂದು ತಳ್ಳಿಹಾಕುವುದು ಸೋಮಾರಿತನ. ಹೆಗ್ಗೋಡಿನ ನೀನಾಸಂ ರಂಗದಲ್ಲಿ ಕಣ್ಣುರೆಪ್ಪೆ ಅಲುಗಿದರೂ ನಗುವ ಸಭೆ ಇದೆ. ಅಲ್ಲಿನ ಹದ ಬೇರೆ, ಟೆಂಟಿನ ಹದ ಬೇರೆ.

ಅದೇ ಪಾತ್ರ, ಬೇರೆ ನಟಿ

ಹೋಲಿಸಿ ಬರೆಯುವುದು ಕಷ್ಟದ ಕೆಲಸ. ಇದಕ್ಕೆ ಅಮೆರಿಕದ 'ಹಲೋ, ಡಾಲಿ!' ಒಳ್ಳೆಯ ಪಾಠ. 1964ರ ಜನವರಿ 16ರಂದು ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಶುರುವಾದ ಈ ಹಾಸ್ಯ ಸಂಗೀತ ನಾಟಕ 1970ರ ಡಿಸೆಂಬರಿನಲ್ಲಿ ನಿಲ್ಲುವಷ್ಟರಲ್ಲಿ 2,844 ಪ್ರದರ್ಶನ ಕಂಡಿತ್ತು. ಮೊದಲ ನಾಯಕಿ ಕ್ಯಾರಲ್ ಚಾನಿಂಗ್. ಒರಟು ಕಂಠ, ಅಗಲ ಕಣ್ಣು. ಇಂಪಿನ ಗಾಯಕಿ ಅನ್ನಿಸಿಕೊಂಡವರಲ್ಲ, ಆದರೂ ಸಂಗೀತ ನಾಟಕದ ಅತ್ಯುತ್ತಮ ನಟಿಗೆ ಕೊಡುವ ಟೋನಿ ಪ್ರಶಸ್ತಿ ಅವರಿಗೇ ಬಂತು. ಆಮೇಲೆ ಅದೇ ಪಾತ್ರಕ್ಕೆ ಜಿಂಜರ್ ರೋಜರ್ಸ್, ಮಾರ್ಥಾ ರೇ, ಬೆಟ್ಟಿ ಗ್ರೇಬಲ್, ಪರ್ಲ್ ಬೇಲಿ, ಫಿಲ್ಲಿಸ್ ಡಿಲ್ಲರ್, ಕೊನೆಗೆ ಎಥೆಲ್ ಮರ್ಮನ್ ಬಂದರು. 1967ರಲ್ಲಿ ಬೇಲಿ ಬಂದಾಗ ತಂಡವಿಡೀ ಕಪ್ಪು ಕಲಾವಿದರದ್ದು. ಹಳೆಯದಾಗುತ್ತಿದ್ದ ನಾಟಕವನ್ನು ವಿಮರ್ಶಕರು ಹೊಸದೆಂಬಂತೆ ಎದುರುಗೊಂಡರು. ಮರ್ಮನ್ ಬಂದಾಗ, ಅವರ ಕಂಠವನ್ನೇ ಎದುರಿಟ್ಟುಕೊಂಡು ರಚಿಸಿ ಹಿಂದೆ ಕೈಬಿಟ್ಟಿದ್ದ ಎರಡು ಹಾಡುಗಳನ್ನು ನಾಟಕದ ಹಾಡು ಕಟ್ಟಿದ ಜೆರ್ರಿ ಹರ್ಮನ್ ಮರಳಿ ಸೇರಿಸಿದರು.

ನಮಗೆ ಇದರಲ್ಲಿ ಬೇಕಾದದ್ದು ಇಷ್ಟು: ನಟಿ ಬದಲಾದಾಗ ಪಾತ್ರ ಒಂದೇ ಆಗಿ ಉಳಿದಿರುವುದಿಲ್ಲ. ಹಾಡು ಸೇರಿರುತ್ತದೆ, ಶ್ರುತಿ ಬದಲಾಗಿರುತ್ತದೆ, ಕುಣಿತ ಕಡಿಮೆಯಾಗಿ ಮಾತು ಹೆಚ್ಚಿರುತ್ತದೆ. ಹೋಲಿಸುವ ಮೊದಲು ಏನೇನು ಬದಲಾಯಿತು ಎಂದು ಪಟ್ಟಿ ಮಾಡಿಕೊಳ್ಳಿ. ಆಮೇಲೂ "ಹಿಂದಿನವರೇ ವಾಸಿ" ಅನ್ನಿಸಿದರೆ ಒಂದೇ ದೃಶ್ಯ ಆರಿಸಿ ಅದರ ಮೇಲೆ ಹೇಳಿ. ಒಂದೇ ನಾಟಕದ ಇಬ್ಬರು ನಾಯಕಿಯರನ್ನಂತೂ ಪಂದ್ಯದಂತೆ ತೂಗಬೇಡಿ. ಒಬ್ಬರದು ಎತ್ತಿಕೊಡುವ ಪಾತ್ರ, ಇನ್ನೊಬ್ಬರದು ಹೊಡೆಯುವ ಪಾತ್ರ ಇದ್ದೀತು.

ಬರೆಯಲು ಕೂತಾಗ

ಅದೇ ರಾತ್ರಿ ಟಿಪ್ಪಣಿ ಬಿಡಿಸಿ ಬರೆದುಬಿಡಿ. ಬೆಳಗ್ಗೆ ನಿಮ್ಮ ಅಕ್ಷರ ನಿಮಗೇ ಅರ್ಥವಾಗುವುದಿಲ್ಲ. ಪತ್ರಿಕೆಗಾದರೆ 400 ಪದ ಸಿಕ್ಕಿದರೆ ಪುಣ್ಯ. ಅದರಲ್ಲಿ ಕಥೆಗೆ 60 ಮೀರಬಾರದು, ಕೊನೆಯ ತಿರುವು ಬಿಟ್ಟುಕೊಡಬಾರದು. ನಾಯಕಿಯರ ಕೆಲಸಕ್ಕೆ 120ರಿಂದ 150 ಪದ ಇಟ್ಟುಕೊಂಡು ಮೊದಲು ಅದನ್ನೇ ಬರೆಯಿರಿ. ಕೊನೆಗೆ ಉಳಿಸಿಕೊಂಡರೆ ಕತ್ತರಿ ಬೀಳುವುದು ಅಲ್ಲಿಗೇ.

ಕನ್ನಡದಲ್ಲಿ ಒಂದು ಹೆಚ್ಚಿನ ತೊಡಕಿದೆ. ನಾಯಕ "ಮಿಂಚಿದರು", ನಾಯಕಿ "ಮಿಂಚಿದಳು" ಎಂದು ಒಂದೇ ಪ್ಯಾರಾದಲ್ಲಿ ಬರೆಯುವವರಿದ್ದಾರೆ. ಪಾತ್ರಕ್ಕೆ "ಅವಳು", ನಟಿಗೆ "ಅವರು", ವಯಸ್ಸು ಹದಿನೆಂಟಾದರೂ ಸರಿ. ಹೀಗೆ ಬರೆದರೆ ಮರ್ಯಾದೆಯೂ ಉಳಿಯುತ್ತದೆ, ಪಾತ್ರದ ಮಾತೋ ನಟಿಯ ಮಾತೋ ಎಂಬುದು ಓದುಗನಿಗೆ ಕ್ರಿಯಾಪದದಲ್ಲೇ ತಿಳಿಯುತ್ತದೆ.

ಉದಾಹರಣೆಗೆ ಇಂಥದೊಂದು ದೃಶ್ಯ ಇದೆಯೆನ್ನಿ. ಕೆಟ್ಟದಾಗಿ ಬರೆದರೆ: "ಗೌರಿಯ ಪಾತ್ರದಲ್ಲಿ ನಟಿ ಸಹಜಾಭಿನಯದಿಂದ ಕಚಗುಳಿಯಿಟ್ಟರು." ನೋಡಿದ್ದನ್ನು ಬರೆದರೆ: "ಸಾಲ ವಸೂಲಿಗೆ ಬಂದ ಸಾಹುಕಾರನ ಮುಂದೆ ಗೌರಿ ತುಟಿ ಬಿಚ್ಚುವುದಿಲ್ಲ, ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿಯುತ್ತಾಳೆ. ಅವನ ಒಂದೊಂದು ಸುಳ್ಳಿಗೂ ಒಂದೊಂದು ಅಡಿಕೆ ಬುಟ್ಟಿಗೆ ಬೀಳುತ್ತದೆ. ಮೂರನೆಯದಕ್ಕೆ ಸಭೆ ನಗತೊಡಗಿತು. ಐದನೆಯದನ್ನು ನಟಿ ಬೀಳಿಸಲೇ ಇಲ್ಲ, ಕೈಯಲ್ಲಿ ಹಿಡಿದು ಅವನ ಮುಖ ನೋಡಿದರು. ಸಾಹುಕಾರನ ಮುಂದಿನ ಮಾತಿಗೆ ಬಂದ ಚಪ್ಪಾಳೆಯಲ್ಲಿ ಅರ್ಧ ಆ ಅಡಿಕೆಯದು."

ಬಣ್ಣ, ತೂಕ, ವಯಸ್ಸು, "ಮುದ್ದಾದ ಮುಖ", ಇವು ಬೇಡ. ಉಡುಪಿನ ಬಗ್ಗೆ ಬರೆಯಬಹುದು, ಅದು ಕೆಲಸಕ್ಕೆ ಅಡ್ಡಿಯಾದರೆ ಅಥವಾ ನೆರವಾದರೆ. ಜಾರುವ ಸಿಂಥೆಟಿಕ್ ಸೀರೆ ಉಡಿಸಿ ಕುಣಿಸಿದ್ದರೆ ನಟಿಯ ಒಂದು ಕೈ ಪೂರ್ತಿ ಸೆರಗಿಗೇ ಹೋಗಿರುತ್ತದೆ. ಗಮನಿಸಿ, ಬರೆಯಿರಿ. ತೆಗೆಯಬೇಕಾದ ಇನ್ನೆರಡು ಪದ: "ನಟೀಮಣಿ" ಮತ್ತು "ನ್ಯಾಯ ಒದಗಿಸಿದರು".

ಸಣ್ಣ ಊರಿನ ಕಷ್ಟವೂ ಇದೆ. ವಿಮರ್ಶೆ ಬಂದ ಮರುದಿನ ಗಾಂಧಿ ಬಜಾರಿನಲ್ಲಿ ನಟಿಯ ಅಣ್ಣನೇ ಸಿಗುತ್ತಾನೆ. ಪರಿಚಯದವರಿದ್ದರೆ ತಾಲೀಮಿಗೆ ಹೋಗಬೇಡಿ, ಅಲ್ಲಿನ ಶ್ರಮ ಕಂಡ ಮೇಲೆ ಕೈ ಮೆತ್ತಗಾಗುತ್ತದೆ. ದೋಷ ಹೇಳುವಾಗ ಅಂಕ, ದೃಶ್ಯ, ಹಾಡಿನ ಸಾಲು ಸಮೇತ ಹೇಳಿ. "ಎರಡನೇ ಹಾಡಿನ ಚರಣದಲ್ಲಿ ಉಸಿರು ಕಡಿಯುತ್ತದೆ" ಎಂದರೆ ಮುಂದಿನ ಪ್ರದರ್ಶನದೊಳಗೆ ಅವರು ತಿದ್ದಿಕೊಳ್ಳಬಹುದು. "ಹಾಡು ಸಾಧಾರಣ" ಎಂದರೆ ಜಗಳ ಮಾತ್ರ ಆಗುತ್ತದೆ.

ಸಾಧ್ಯವಾದರೆ ಮೂರನೆಯದೋ ನಾಲ್ಕನೆಯದೋ ಪ್ರದರ್ಶನಕ್ಕೆ ಮತ್ತೆ ಹೋಗಿ, ಅದೇ ಪುಸ್ತಕದ ಅದೇ ಪುಟದಲ್ಲಿ ಬೇರೆ ಬಣ್ಣದ ಪೆನ್ಸಿಲಿನಿಂದ ಗೀಟು ಹಾಕಿ. ಎಲ್ಲಿ ಒಂದು ಗೀಟು ಮೂರಾಗಿದೆ, ಎಲ್ಲಿ ಮೂರು ಒಂದಾಗಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಪುಟದ ಮೇಲೆ ತಾರೀಕು, ಸಭಾಂಗಣ, ಮಳೆ ಇತ್ತೋ ಇಲ್ಲವೋ ಬರೆದು, ಉಳಿಸಿಕೊಂಡ ಎರಡನೇ ಕರಪತ್ರವನ್ನು ಅದಕ್ಕೇ ಪಿನ್ ಮಾಡಿಡಿ. ಎರಡು ವರ್ಷದ ಮೇಲೆ ಅದೇ ಪಾತ್ರಕ್ಕೆ ಇನ್ನೊಬ್ಬರು ಬಂದಾಗ ಬೇಕಾಗುವುದು ಆ ಪುಟವೇ.